ನಿಂತ ಕಾರಿನ ಬ್ಯಾಟರಿಗೆ ಮೇಂಟೇನರ್ ಜೋಡಿಸುವ ಬಗೆ

ಒಮ್ಮೆ ಮೂರು ವಾರ ಮನೆಯಲ್ಲಿ ಇರಲಿಲ್ಲ. ಹೊರಡುವ ಮುಂಚೆ ಕಾರಿನ ಬ್ಯಾಟರಿಗೆ ಮೇಂಟೇನರ್, ಅಂದರೆ ನಿಂತ ಕಾರಿನ ಬ್ಯಾಟರಿ ಇಳಿಯದಂತೆ ನೋಡಿಕೊಳ್ಳುವ ಸಣ್ಣ ಚಾರ್ಜರ್, ಜೋಡಿಸಿದ್ದೆ. ಕೆಂಪು ಕ್ಲಿಪ್ ಪ್ಲಸ್‌ಗೆ, ಕಪ್ಪು ಕ್ಲಿಪ್ ಕಾರಿನ ಲೋಹದ ಮೈಗೆ, ಪ್ಲಗ್ ಗೋಡೆಗೆ. ಎಲ್ಲ ಸರಿಯಾಗಿಯೇ ಇತ್ತು. ವಾಪಸ್ ಬಂದು ಕೀ ತಿರುಗಿಸಿದರೆ ಕಟ್ ಕಟ್ ಅನ್ನುವ ಶಬ್ದ ಬಿಟ್ಟರೆ ಬೇರೇನೂ ಇಲ್ಲ. ಸೆಲ್ಫ್ ಹೊಡೆಯಲೇ ಇಲ್ಲ. ನೋಡಿದರೆ ಗೋಡೆಯ ಸ್ವಿಚ್ಚನ್ನೇ ನಾನು ಹಾಕಿರಲಿಲ್ಲ!

ಕ್ಲಿಪ್ ಹಾಕುವುದು ಎರಡು ನಿಮಿಷದ ಕೆಲಸ. ಆದರೆ ಯಾವುದನ್ನು ಮೊದಲು ಹಾಕಬೇಕು, ಎಲ್ಲಿಗೆ ಹಾಕಬೇಕು, ಹಾಕಿದ ಮೇಲೆ ಚಾರ್ಜ್ ನಿಜವಾಗಿ ಹೋಗುತ್ತಿದೆಯಾ ಅಂತ ತಿಳಿಯುವುದು ಹೇಗೆ? ಜನ ಎಡವುವುದು ಈ ಮೂರರಲ್ಲೇ. ನಾನು ಎಡವಿದ್ದು ಮೂರನೆಯದರಲ್ಲಿ.

ಓಡದ ಕಾರೂ ಕರೆಂಟ್ ಕುಡಿಯುತ್ತದೆ

ಕಾರನ್ನು ಲಾಕ್ ಮಾಡಿ ಹೋದ ಮಾತ್ರಕ್ಕೆ ಅದರೊಳಗೆ ಎಲ್ಲವೂ ಮಲಗುವುದಿಲ್ಲ. ಅಲಾರಂ, ರಿಮೋಟ್ ಕೀಗೆ ಕಾಯುತ್ತಿರುವ ರಿಸೀವರ್, ಗಡಿಯಾರ, ಕಂಪ್ಯೂಟರಿನ ಮೆಮೊರಿ ಎಲ್ಲ ಸೇರಿ ಸಾಮಾನ್ಯವಾಗಿ 20ರಿಂದ 50 ಮಿಲಿಆಂಪಿಯರ್ ಎಳೆಯುತ್ತಲೇ ಇರುತ್ತವೆ. 30 ಅಂತಲೇ ಇಟ್ಟುಕೊಳ್ಳಿ. ದಿನಕ್ಕೆ 0.72 ಆಂಪಿಯರ್ ಅವರ್ (ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಹಿಡಿಸುತ್ತದೆ ಅಂತ ಅಳೆಯುವುದು ಇದರಲ್ಲೇ), ತಿಂಗಳಿಗೆ ಸುಮಾರು 22. 45 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಹತ್ತಿರ ಹತ್ತಿರ ಅರ್ಧ ಹೋಯಿತು. ಇದರ ಜೊತೆಗೆ ಬ್ಯಾಟರಿ ತನ್ನಷ್ಟಕ್ಕೆ ತಾನೇ ಸ್ವಲ್ಪ ಇಳಿಯುವುದೂ ಇದೆ. ಸೆಖೆ ಹೆಚ್ಚಾದಷ್ಟೂ ಅದು ಜಾಸ್ತಿ.

ಇಳಿದದ್ದನ್ನು ಆಮೇಲೆ ತುಂಬಿಸಿದರಾಯಿತು ಅನ್ನಿಸಬಹುದು. ಆದರೆ ಸೀಸ ಮತ್ತು ಆಸಿಡ್‌ನ ಬ್ಯಾಟರಿಯ ಸ್ವಭಾವ ಹಾಗಿಲ್ಲ. ಚಾರ್ಜ್ ಇಳಿದಂತೆ ಒಳಗಿನ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ತಡಮಾಡದೆ ಚಾರ್ಜ್ ಮಾಡಿದರೆ ಅದು ಹೋಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗುತ್ತದೆ. ಪ್ಲೇಟಿನ ಅಷ್ಟು ಜಾಗ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಒಂದೆರಡು ಸಲ ಪೂರ್ತಿ ಡೌನ್ ಆದ ಬ್ಯಾಟರಿ ಆಮೇಲೆ ಯಾವಾಗಲೂ ಸೋತಂತೆ ಇರುವುದು ಇದರಿಂದಲೇ.

ಕೆಲವರು ವಾರಕ್ಕೊಮ್ಮೆ ಎಂಜಿನ್ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ಆಫ್ ಮಾಡುತ್ತಾರೆ. ಅದರಿಂದ ಬ್ಯಾಟರಿಗೆ ದೊಡ್ಡ ಉಪಕಾರವೇನಿಲ್ಲ. ಎಂಜಿನ್ ನಿಧಾನಕ್ಕೆ ತಿರುಗುವಾಗ, ಬ್ಯಾಟರಿಗೆ ಕರೆಂಟ್ ತುಂಬುವ ಆಲ್ಟರ್ನೇಟರ್ ಕೊಡುವುದು ಕಡಿಮೆ, ಅದರಲ್ಲೂ ಒಂದಷ್ಟು ಪಾಲು ಕಾರಿಗೇ ಖರ್ಚಾಗುತ್ತದೆ. ಸ್ಟಾರ್ಟ್ ಮಾಡಲು ಕಳೆದುಕೊಂಡದ್ದು ಮರಳಿ ಬಂದರೆ ಹೆಚ್ಚು. ಅರ್ಧ ಮುಕ್ಕಾಲು ಗಂಟೆ ರಸ್ತೆಯಲ್ಲಿ ಓಡಿಸಿದರೆ ಮಾತು ಬೇರೆ. ಅದಾಗದವರಿಗೆ ಮೇಂಟೇನರ್.

ಚಾರ್ಜರ್ ಬೇರೆ, ಮೇಂಟೇನರ್ ಬೇರೆ

ಮೇಂಟೇನರ್ ಅಂದರೆ ಸಣ್ಣ ಚಾರ್ಜರ್, ಆದರೆ ಬುದ್ಧಿ ಇರುವ ಚಾರ್ಜರ್. ಸಾಮಾನ್ಯವಾಗಿ 1 ಆಂಪಿಯರ್ ಆಸುಪಾಸಿನಿಂದ 5 ಆಂಪಿಯರ್‌ವರೆಗೆ ಕೊಡುತ್ತದೆ. ಮೊದಲು ಬ್ಯಾಟರಿಯನ್ನು 14.4 ವೋಲ್ಟ್ ಹತ್ತಿರಕ್ಕೆ ಏರಿಸಿ ತುಂಬಿಸುತ್ತದೆ. ತುಂಬಿದ ಮೇಲೆ 13.2ರಿಂದ 13.8 ವೋಲ್ಟ್ ಒಳಗೆ ಇಳಿಸಿ, ಸೋರಿ ಹೋದಷ್ಟನ್ನು ಮಾತ್ರ ತುಂಬುತ್ತಾ ಕೂರುತ್ತದೆ. ಇದಕ್ಕೆ ಫ್ಲೋಟ್ ಅನ್ನುತ್ತಾರೆ. ಇನ್ನು ಕೆಲವು ಪೂರ್ತಿ ನಿಲ್ಲಿಸಿ, ವೋಲ್ಟೇಜ್ ಇಳಿದಾಗ ಮತ್ತೆ ಶುರು ಮಾಡುತ್ತವೆ.

ಹಳೇ ಕಾಲದ ಟ್ರಿಕಲ್ ಚಾರ್ಜರಿಗೆ ಈ ಬುದ್ಧಿ ಇಲ್ಲ. ಬ್ಯಾಟರಿ ತುಂಬಿದರೂ ಕರೆಂಟ್ ದಬ್ಬುತ್ತಲೇ ಇರುತ್ತದೆ. ಆಗ ಒಳಗಿನ ನೀರು ಗ್ಯಾಸ್ ಆಗಿ ಹೋಗುತ್ತದೆ, ಪ್ಲೇಟ್ ಹಾಳಾಗುತ್ತದೆ. ಅಟ್ಟದ ಮೇಲಿಂದ ಇಳಿಸಿದ ಹಳೇ ಚಾರ್ಜರನ್ನು ತಿಂಗಳುಗಟ್ಟಲೆ ಹಾಕಿಡಬೇಡಿ. ಡಬ್ಬದ ಮೇಲೆ ಫ್ಲೋಟ್ ಅಥವಾ ಮೇಂಟೆನೆನ್ಸ್ ಅಂತ ಬರೆದಿದೆಯೋ ನೋಡಿ. ಇಲ್ಲದಿದ್ದರೆ ಅದು ಕಣ್ಣೆದುರು ಇಟ್ಟುಕೊಂಡು ಬಳಸುವ ವಸ್ತು.

ಮೊದಲು ಮೀಟರ್ ಇಟ್ಟು ನೋಡಿ

ಒಂದು ಮಲ್ಟಿಮೀಟರ್ ಮನೆಯಲ್ಲಿರಲಿ. ದುಬಾರಿಯದೇ ಬೇಕೆಂದಿಲ್ಲ. ಡಿಸಿ 20 ವೋಲ್ಟ್‌ಗೆ ತಿರುಗಿಸಿ, ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಕಡ್ಡಿ ಮೈನಸ್‌ಗೆ ಇಡಿ. ಕಾರು ಓಡಿಸಿ ಬಂದ ಕೂಡಲೇ ಅಳೆಯಬೇಡಿ, ಸುಳ್ಳು ಲೆಕ್ಕ ಬರುತ್ತದೆ. ಕೆಲವು ಗಂಟೆ ಬಿಟ್ಟು, ಸಾಧ್ಯವಾದರೆ ಮರುದಿನ ಬೆಳಿಗ್ಗೆ ಅಳೆಯಿರಿ.

12.6 ಅಥವಾ ಅದಕ್ಕಿಂತ ಮೇಲಿದ್ದರೆ ಬ್ಯಾಟರಿ ತುಂಬಿದೆ. 12.4 ಅಂದರೆ ಸುಮಾರು ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲು ಭಾಗ. 11.8ಕ್ಕೆ ಬಂದಿದ್ದರೆ ಖಾಲಿ ಅಂತಲೇ ಲೆಕ್ಕ. ನೋಡಿ, ತುಂಬಿದ್ದಕ್ಕೂ ಖಾಲಿಯಾದದ್ದಕ್ಕೂ ಇರುವ ಅಂತರ 1 ವೋಲ್ಟ್ ಕೂಡ ಇಲ್ಲ. ‘12 ವೋಲ್ಟ್ ತೋರಿಸ್ತಾ ಇದೆ, ಪರವಾಗಿಲ್ಲ’ ಅನ್ನುವವರು ಮೋಸ ಹೋಗುವುದು ಇಲ್ಲೇ.

ಈ ಅಂಕಿ ಯಾಕೆ ಬೇಕು ಅಂದರೆ, ಮೇಂಟೇನರ್ ಇರುವುದು ತುಂಬಿದ ಬ್ಯಾಟರಿಯನ್ನು ತುಂಬಿದಂತೆಯೇ ಇಡಲು. ಬಿದ್ದದ್ದನ್ನು ಎಬ್ಬಿಸುವ ಕೆಲಸಕ್ಕೆ ಅದರ ಕೈಯಲ್ಲಿ ಅಷ್ಟು ಬಲವಿಲ್ಲ. 60 ಆಂಪಿಯರ್ ಅವರ್ ಬ್ಯಾಟರಿ ಅರ್ಧ ಇಳಿದಿದ್ದರೆ 1 ಆಂಪಿಯರ್ ಮೇಂಟೇನರ್ ಅದಕ್ಕೆ 30 ಗಂಟೆಗಿಂತ ಹೆಚ್ಚು ಹೊತ್ತು ಹಾಲುಣಿಸಬೇಕು. ಕೊನೆಯ ಭಾಗ ನಿಧಾನವಾಗುವುದರಿಂದ ಎರಡು ದಿನ ಅಂತಲೇ ಹಿಡಿಯಿರಿ. ತೀರಾ ಇಳಿದಿದ್ದರೆ ಕೆಲವು ಮೇಂಟೇನರ್‌ಗಳು ‘ಇಲ್ಲಿ ಬ್ಯಾಟರಿಯೇ ಇಲ್ಲ’ ಅಂದುಕೊಂಡು ಶುರುವೇ ಆಗುವುದಿಲ್ಲ. ಅಂಥ ಬ್ಯಾಟರಿಯನ್ನು ಮೊದಲು ದೊಡ್ಡ ಚಾರ್ಜರಿನಲ್ಲಿ ತುಂಬಿಸಿ, ಆಮೇಲೆ ಮೇಂಟೇನರಿಗೆ ಒಪ್ಪಿಸಿ.

ಬ್ಯಾಟರಿಯ ಮೇಲಿನ ಲೇಬಲ್ ಕೂಡ ಓದಿ. ಸಾಮಾನ್ಯ ಬ್ಯಾಟರಿ, ಎಜಿಎಂ (ಆಸಿಡ್ಡನ್ನು ಗಾಜಿನ ನಾರಿನಲ್ಲಿ ಹೀರಿಸಿಟ್ಟದ್ದು), ಜೆಲ್ (ಆಸಿಡ್ ಗಟ್ಟಿ ಅಂಟಿನಂತೆ ಇರುವುದು), ಲಿಥಿಯಂ ಎಲ್ಲಕ್ಕೂ ಒಂದೇ ವೋಲ್ಟೇಜ್ ಸರಿಹೋಗುವುದಿಲ್ಲ. ಮೇಂಟೇನರಿನಲ್ಲಿ ಬಟನ್ ಇದ್ದರೆ ತಕ್ಕದ್ದನ್ನು ಆರಿಸಿ. 6 ವೋಲ್ಟ್, 12 ವೋಲ್ಟ್ ಎಂಬ ಆಯ್ಕೆ ಇದ್ದರೆ 12ಕ್ಕೆ ಇದೆಯಾ ನೋಡಿ. ಲಿಥಿಯಂ ಬ್ಯಾಟರಿಗೆ ಲಿಥಿಯಂ ಅಂತ ಬರೆದ ಚಾರ್ಜರನ್ನೇ ಬಳಸಬೇಕು. ರಿಪೇರಿ ಅಥವಾ ರೀಕಂಡಿಷನ್ ಅನ್ನುವ ಬಟನ್ ಕಂಡರೆ ಕೈ ತುರಿಸುವುದು ಸಹಜ. ಅದು ವೋಲ್ಟೇಜನ್ನು 15ರ ಮೇಲಕ್ಕೆ ಒಯ್ಯುತ್ತದೆ. ಬ್ಯಾಟರಿಯನ್ನು ಕಾರಿನಿಂದ ಬಿಡಿಸದೆ ಆ ಬಟನ್ ಮುಟ್ಟಬೇಡಿ, ಕಾರಿನ ಎಲೆಕ್ಟ್ರಾನಿಕ್ಸ್‌ಗೆ ಅಪಾಯ. ಸೀಲ್ ಆದ ಬ್ಯಾಟರಿಗಳಿಗೂ ಅದು ಬೇಡ.

ಮೇಲ್ಭಾಗ ಬಿರುಕು ಬಿಟ್ಟಿದ್ದರೆ, ಬದಿ ಉಬ್ಬಿದ್ದರೆ, ಒಳಗೆ ಹೆಪ್ಪುಗಟ್ಟಿದ್ದರೆ ಚಾರ್ಜ್ ಮಾಡಲೇಬೇಡಿ.

ಕ್ಲಿಪ್ ಹಾಕುವ ಕ್ರಮ

ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರಬಹುದು. ಗಾಳಿಯಲ್ಲಿ ಅದು 4 ಶೇಕಡಾ ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಮೇಂಟೇನರಿನ ಸಣ್ಣ ಕರೆಂಟಿಗೆ ಬರುವ ಗ್ಯಾಸ್ ಕಡಿಮೆ, ನಿಜ. ಆದರೂ ಮುಂದೆ ಹೇಳುವ ಕ್ರಮವೆಲ್ಲ ಆ ಒಂದು ಕಿಡಿ ಬ್ಯಾಟರಿಯ ಹತ್ತಿರ ಹುಟ್ಟದಿರಲಿ ಅನ್ನುವುದಕ್ಕೇ ಇದೆ.

ಗಾಳಿ ಆಡುವ ಜಾಗದಲ್ಲಿ ಕಾರು ನಿಲ್ಲಿಸಿ. ಎಂಜಿನ್ ಆಫ್, ಲೈಟ್ ಆಫ್, ಕೀ ಹೊರಗೆ. ಉಂಗುರ, ಲೋಹದ ವಾಚು ತೆಗೆದಿಡಿ. ಕನ್ನಡಕ ಇದ್ದರೆ ಹಾಕಿಕೊಳ್ಳಿ. ಹತ್ತಿರ ಬೀಡಿ ಸಿಗರೇಟು ಬೇಡ. ಬಾನೆಟ್ ತೆರೆದು ಟರ್ಮಿನಲ್ ನೋಡಿ. ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಬ್ರಷ್ ಅದ್ದಿ ಉಜ್ಜಿ ಒರೆಸಿ. ಆ ನೀರು ಬ್ಯಾಟರಿಯ ಒಳಗೆ ಮಾತ್ರ ಹೋಗಬಾರದು. ಪುಡಿಯ ಮೇಲೆ ಕ್ಲಿಪ್ ಕಚ್ಚಿಸಿದರೆ ಲೂಸ್ ಕಾಂಟ್ಯಾಕ್ಟ್ ಗ್ಯಾರಂಟಿ.

ಈಗ ಮೇಂಟೇನರ್ ಹೊರಗೆ ತೆಗೆಯಿರಿ. ಪ್ಲಗ್ ಇನ್ನೂ ಗೋಡೆಗೆ ಹೋಗಿಲ್ಲ, ಇದು ನೆನಪಿರಲಿ. ಪೆಟ್ಟಿಗೆಯನ್ನು ಬ್ಯಾಟರಿಯ ಮೇಲೆ ಇಡಬೇಡಿ. ವೈರ್ ಎಷ್ಟು ದೂರ ಬರುತ್ತದೋ ಅಷ್ಟು ದೂರದಲ್ಲಿ, ಗಟ್ಟಿಯಾದ ಒಣ ಜಾಗದಲ್ಲಿ ಕೂರಿಸಿ.

ಪ್ಲಸ್ ಯಾವುದು ಅಂತ ಬಣ್ಣ ನೋಡಿ ಮಾತ್ರ ನಂಬಬೇಡಿ. ಯಾರೋ ರಿಪೇರಿ ಮಾಡುವಾಗ ಕೈಗೆ ಸಿಕ್ಕ ವೈರ್ ಹಾಕಿರುತ್ತಾರೆ. ಬ್ಯಾಟರಿಯ ಮೈಮೇಲೆ ಅಚ್ಚಾಗಿರುವ ‘+’ ಗುರುತು ಹುಡುಕಿ. ಕೆಂಪು ಕ್ಲಿಪ್ಪನ್ನು ಆ ಟರ್ಮಿನಲ್‌ಗೆ ಹಾಕಿ, ಎರಡು ಸಲ ಅಲುಗಿಸಿ. ಹಲ್ಲು ಲೋಹಕ್ಕೆ ಕಚ್ಚಬೇಕು.

ಆಮೇಲೆ ಕಪ್ಪು ಕ್ಲಿಪ್. ಇದನ್ನು ಬ್ಯಾಟರಿಯ ಮೈನಸ್ ಟರ್ಮಿನಲ್‌ಗೇ ಹಾಕುವವರು ಜಾಸ್ತಿ. ನಾನು ಬಾಡಿ ಅರ್ಥ್‌ಗೇ ಹಾಕಿ ಅನ್ನುತ್ತೇನೆ. ಅಂದರೆ ಬ್ಯಾಟರಿಯಿಂದ ಸ್ವಲ್ಪ ದೂರ ಇರುವ, ಬಣ್ಣ ಇಲ್ಲದ ದಪ್ಪ ಲೋಹ. ಎಂಜಿನ್ನಿನ ಬೋಲ್ಟ್, ಶಾಸಿಯ ಬೋಲ್ಟ್ ಅಥವಾ ಅದಕ್ಕೆಂದೇ ತಯಾರಕರು ಬಿಟ್ಟಿರುವ ಅರ್ಥ್ ಪಾಯಿಂಟ್. ಕೊನೆಯ ಕ್ಲಿಪ್ ಮುಟ್ಟಿದಾಗಲೇ ಸರ್ಕ್ಯೂಟ್ ಪೂರ್ತಿಯಾಗುವುದು, ಕಿಡಿ ಬಂದರೆ ಅಲ್ಲೇ ಬರುವುದು. ಅದು ಬ್ಯಾಟರಿಯಿಂದ ದೂರ ಇರಲಿ ಅನ್ನುವುದು ಒಂದು ಕಾರಣ.

ಇನ್ನೊಂದು ಕಾರಣ ಇತ್ತೀಚಿನ ಕಾರುಗಳದ್ದು. ಸ್ಟಾರ್ಟ್-ಸ್ಟಾಪ್ (ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ತಾನೇ ಆಫ್ ಆಗಿ, ಹೊರಡುವಾಗ ತಾನೇ ಆನ್ ಆಗುವುದು) ಇರುವ ಬಹಳಷ್ಟು ಕಾರುಗಳಲ್ಲಿ ಮೈನಸ್ ಟರ್ಮಿನಲ್ ಮೇಲೆ ಒಂದು ಪುಟ್ಟ ಸೆನ್ಸರ್ ಕೂತಿರುತ್ತದೆ. ಬ್ಯಾಟರಿಗೆ ಎಷ್ಟು ಬಂತು, ಎಷ್ಟು ಹೋಯಿತು ಅನ್ನುವ ಲೆಕ್ಕ ಬರೆಯುವ ಗುಮಾಸ್ತ ಅದು. ಕ್ಲಿಪ್ಪನ್ನು ನೇರ ಮೈನಸ್ ಕಂಬಕ್ಕೆ ಹಾಕಿದರೆ ಕರೆಂಟ್ ಅವನ ಬೆನ್ನ ಹಿಂದಿನಿಂದ ಹೋಗಿಬಿಡುತ್ತದೆ. ಬ್ಯಾಟರಿ ತುಂಬಿದ್ದರೂ ಕಾರಿಗೆ ಅದು ಗೊತ್ತಾಗುವುದಿಲ್ಲ. ಬಾಡಿಗೆ ಹಾಕಿದರೆ ಲೆಕ್ಕ ಸರಿಹೋಗುತ್ತದೆ.

ಕಪ್ಪು ಕ್ಲಿಪ್ಪನ್ನು ಪೆಟ್ರೋಲ್ ಪೈಪಿಗೆ, ತೆಳು ತಗಡಿಗೆ, ಬೆಲ್ಟ್ ಅಥವಾ ಫ್ಯಾನಿನ ಹತ್ತಿರ ಹಾಕಬಾರದು. ಪೇಂಟ್ ಬಳಿದ ಜಾಗದಲ್ಲಿ ಕರೆಂಟೇ ಹರಿಯುವುದಿಲ್ಲ. ತೀರಾ ಹಳೆಯ ಕೆಲವು ಕಾರುಗಳಲ್ಲಿ ಪ್ಲಸ್ಸೇ ಬಾಡಿಗೆ ಸೇರಿರುತ್ತದೆ. ಅಂಥದ್ದರಲ್ಲಿ ಕಪ್ಪು ಮೊದಲು ಬ್ಯಾಟರಿಯ ಮೈನಸ್‌ಗೆ, ಕೆಂಪು ಆಮೇಲೆ ಬಾಡಿಗೆ.

ವೈರ್ ಹಾದುಹೋಗುವ ದಾರಿ ನೋಡಿ. ಬಾನೆಟ್ ಮುಚ್ಚುವುದಾದರೆ ರಬ್ಬರ್ ಬೀಡಿಂಗ್ ಇರುವ ಕಡೆ ಹೊರತನ್ನಿ, ಲಾಕ್ ಹತ್ತಿರ ಜಜ್ಜಿ ಹೋಗಬಾರದು. ಆಮೇಲೆ ಪ್ಲಗ್ ಹಾಕಿ, ಸ್ವಿಚ್ ಒತ್ತಿ. ಎಲ್ಲಕ್ಕಿಂತ ಕೊನೆಗೆ ಕರೆಂಟ್.

ದೀಪ ಒಂದು ಹೇಳುತ್ತದೆ, ಮೀಟರ್ ಇನ್ನೊಂದು

ಸ್ವಿಚ್ ಹಾಕಿದ ಮೇಲೆ ಹೊರಟುಬಿಡಬೇಡಿ. ಐದು ನಿಮಿಷ ನಿಲ್ಲಿ. ಕೆಂಪು, ಹಳದಿ, ಹಸಿರು ದೀಪಕ್ಕೆ ಒಬ್ಬೊಬ್ಬ ತಯಾರಕರದು ಒಂದೊಂದು ಅರ್ಥ, ಅದು ಪುಸ್ತಕದಲ್ಲಿರುತ್ತದೆ. ನಾನು ನಂಬುವುದು ಮೀಟರನ್ನು. ಕ್ಲಿಪ್ ಹಾಕುವ ಮುಂಚೆ 12.5 ಇದ್ದದ್ದು ಈಗ 13ರ ಮೇಲೆ ಏರಿ, ನಿಧಾನಕ್ಕೆ ಮೇಲೆ ಹೋಗುತ್ತಿದ್ದರೆ ಚಾರ್ಜ್ ಆಗುತ್ತಿದೆ. ಅಲ್ಲೇ 12.5ಕ್ಕೆ ಅಂಟಿಕೊಂಡಿದ್ದರೆ ಸ್ವಿಚ್ ಇಲ್ಲ, ಅಥವಾ ಕ್ಲಿಪ್ ಕಚ್ಚಿಲ್ಲ, ಅಥವಾ ಫ್ಯೂಸ್ ಹೋಗಿದೆ. ಅವತ್ತು ಈ ಒಂದು ಸಲ ಮೀಟರ್ ಇಟ್ಟಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು.

ದೋಷದ ದೀಪ ಹತ್ತಿದರೆ ಬಹುತೇಕ ಕ್ಲಿಪ್ ಅದಲುಬದಲಾಗಿದೆ ಅಂತ. ಒಳ್ಳೆಯ ಮೇಂಟೇನರ್‌ಗಳು ಆಗ ಕರೆಂಟ್ ಬಿಡುವುದಿಲ್ಲ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಮೊದಲಿನಿಂದ ಶುರು ಮಾಡಿ.

ಒಂದೆರಡು ಗಂಟೆ ಬಿಟ್ಟು ಮತ್ತೆ ಬನ್ನಿ. ಮೇಂಟೇನರಿನ ಮೈ ಬೆಚ್ಚಗಿರುವುದು ಸಾಮಾನ್ಯ. ಬ್ಯಾಟರಿ ಬಿಸಿಯಾಗಿದ್ದರೆ, ಅಥವಾ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಸಾಮಾನ್ಯ ಅಲ್ಲ. ಕ್ಲಿಪ್ ಮುಟ್ಟದೆ ಮೊದಲು ಗೋಡೆಯ ಸ್ವಿಚ್ ಆರಿಸಿ, ಗಾಳಿ ಆಡಲು ಬಿಡಿ. ಎರಡು ಮೂರು ದಿನ ಆದರೂ ತುಂಬಿದ ದೀಪ ಬರದಿದ್ದರೆ ಒಂದು ಸೆಲ್ ಸತ್ತಿರಬಹುದು. ಬ್ಯಾಟರಿಯನ್ನು ಪರೀಕ್ಷೆ ಮಾಡಿಸಿ.

ಬುದ್ಧಿ ಇರುವ ಮೇಂಟೇನರನ್ನು ತಿಂಗಳುಗಟ್ಟಲೆ ಬಿಡಬಹುದು. ಆದರೂ ವಾರಕ್ಕೊಮ್ಮೆ ಇಣುಕಿ ನೋಡಲು ಯಾರಾದರೂ ಇದ್ದರೆ ಒಳ್ಳೆಯದು. ಕರೆಂಟ್ ಹೋಗಿ ಬಂದರೆ ಕೆಲವು ತಾವಾಗಿಯೇ ಶುರುವಾಗುತ್ತವೆ, ಕೆಲವು ಬಟನ್ ಒತ್ತುವವರೆಗೆ ಸುಮ್ನೆ ಕೂರುತ್ತವೆ. ನಿಮ್ಮದು ಯಾವ ಜಾತಿ ಅಂತ ಒಮ್ಮೆ ಸ್ವಿಚ್ ಆರಿಸಿ ಹಾಕಿ ನೋಡಿದರೆ ಗೊತ್ತಾಗಿಬಿಡುತ್ತದೆ.

ನೀರು ಹಾಕುವ ಬ್ಯಾಟರಿಯಾದರೆ ಮಟ್ಟ ನೋಡಿ. ಪ್ಲೇಟ್ ಕಾಣುತ್ತಿದ್ದರೆ ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ ಚಾರ್ಜ್ ಮಾಡಿ. ಗುರುತಿನವರೆಗೆ ತುಂಬಿಸುವುದು ಚಾರ್ಜ್ ಆದ ಮೇಲೆ. ಚಾರ್ಜ್ ಆಗುವಾಗ ಒಳಗಿನ ಮಟ್ಟ ಏರುತ್ತದೆ, ಮೊದಲೇ ತುಂಬಿಸಿದ್ದರೆ ಉಕ್ಕಿ ಬರುತ್ತದೆ.

ಬೋಲ್ಟ್‌ಗೆ ಬಿಗಿಯುವ ವೈರ್, ನನ್ನ ಆಯ್ಕೆ

ಮೇಂಟೇನರನ್ನು ಪದೇ ಪದೇ ಬಳಸುವವರು ಕ್ಲಿಪ್ ಬಿಟ್ಟು ಉಂಗುರದ ತುದಿ ಇರುವ ವೈರ್ ಹಾಕಿಸಿಕೊಳ್ಳಿ. ಹೆಚ್ಚಿನ ಮೇಂಟೇನರ್‌ಗಳ ಡಬ್ಬದಲ್ಲೇ ಅದು ಬರುತ್ತದೆ. ಒಮ್ಮೆ ಬೋಲ್ಟ್‌ಗೆ ಬಿಗಿದರೆ ಕಾರಿನಲ್ಲೇ ಉಳಿಯುತ್ತದೆ. ಮುಂದಿನ ಸಲ ಪ್ಲಗ್‌ಗೆ ಪ್ಲಗ್ ಸೇರಿಸಿದರೆ ಮುಗಿಯಿತು. ಅದು ಒಂದೇ ದಿಕ್ಕಿನಲ್ಲಿ ಕೂರುವುದರಿಂದ ಪ್ಲಸ್ ಮೈನಸ್ ತಪ್ಪುವ ಮಾತೇ ಇಲ್ಲ.

ಬಿಗಿಯುವಾಗ ಕ್ರಮ ಬೇರೆ. ಬ್ಯಾಟರಿಯ ಮೈನಸ್ ಕೇಬಲ್ಲನ್ನು ಮೊದಲು ಕಳಚಿ ಪಕ್ಕಕ್ಕೆ ಇಡಿ. ಹಾಗೆ ಮಾಡದೆ ಪ್ಲಸ್ ನಟ್ಟಿಗೆ ಸ್ಪ್ಯಾನರ್ ಹಾಕಿ, ಅದರ ಇನ್ನೊಂದು ತುದಿ ಬಾಡಿಗೆ ತಾಗಿತೋ, ಬ್ಯಾಟರಿಯ ಪೂರ್ತಿ ಶಕ್ತಿ ಸ್ಪ್ಯಾನರ್ ಮೂಲಕ ಹರಿಯುತ್ತದೆ. ಕೈ ಸುಟ್ಟೀತು. ಮೈನಸ್ ಕಳಚಿದ ಮೇಲೆ ಪ್ಲಸ್ ನಟ್ ಸಡಿಲಿಸಿ ಕೆಂಪು ಉಂಗುರ ಕೂರಿಸಿ ಬಿಗಿಯಿರಿ. ಕಪ್ಪು ಉಂಗುರ ಬಾಡಿಯ ಅರ್ಥ್ ಬೋಲ್ಟ್‌ಗೆ. ಕೊನೆಗೆ ಮೈನಸ್ ಕೇಬಲ್ ವಾಪಸ್ ಹಾಕಿ. ಗಡಿಯಾರ ಮತ್ತೆ ಹೊಂದಿಸಬೇಕಾಗುತ್ತದೆ, ಕೆಲವು ಕಾರುಗಳ ರೇಡಿಯೋ ಕೋಡ್ ಕೇಳುತ್ತದೆ, ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ.

ಕೆಂಪು ವೈರಿನಲ್ಲಿ, ಬ್ಯಾಟರಿಗೆ ಹತ್ತಿರದಲ್ಲಿ ಫ್ಯೂಸ್ ಇರಲೇಬೇಕು. ಈ ವೈರ್ ಸದಾ ಬ್ಯಾಟರಿಗೆ ಅಂಟಿಕೊಂಡೇ ಇರುತ್ತದೆ. ಎಲ್ಲಾದರೂ ಉಜ್ಜಿ ಸಿಪ್ಪೆ ಸುಲಿದರೆ ಕಾಪಾಡುವುದು ಆ ಫ್ಯೂಸ್ ಮಾತ್ರ. ಬಳಸದಾಗ ತುದಿಗೆ ರಬ್ಬರ್ ಮುಚ್ಚಳ ಹಾಕಿ, ಬಿಸಿ ಭಾಗಗಳಿಂದ ದೂರ ಟೈ ಹಾಕಿ ಕಟ್ಟಿ.

ಬ್ಯಾಟರಿ ಡಿಕ್ಕಿಯಲ್ಲೋ ಸೀಟಿನ ಕೆಳಗೋ ಇದ್ದರೆ

ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ಬಾನೆಟ್ ಒಳಗೆ ಕೆಂಪು ಮುಚ್ಚಳದ ಕೆಳಗೆ ಒಂದು ಪ್ಲಸ್ ಪಾಯಿಂಟ್, ಹತ್ತಿರದಲ್ಲೇ ಅರ್ಥ್ ಪಾಯಿಂಟ್ ಇರುತ್ತದೆ. ತಯಾರಕರ ಪುಸ್ತಕ ಒಪ್ಪಿದರೆ ಅಲ್ಲಿಗೇ ಜೋಡಿಸಿ, ಕೆಲಸ ಸುಲಭ. ಡಿಕ್ಕಿಯಲ್ಲೇ ಜೋಡಿಸುವುದಾದರೆ ಬಾಗಿಲನ್ನು ಪೂರ್ತಿ ಮುಚ್ಚಬೇಡಿ. ಗಾಳಿಗೂ ಒಳ್ಳೆಯದು. ಅದಲ್ಲದೆ ಡಿಕ್ಕಿಯ ಲಾಕ್ ಕರೆಂಟಿನದ್ದಾಗಿದ್ದು ಬ್ಯಾಟರಿ ಕೈಕೊಟ್ಟರೆ ಅದನ್ನು ತೆರೆಯುವುದೇ ದೊಡ್ಡ ತಲೆನೋವು. ಒಳಗಿನ ದೀಪ ಉರಿಯುತ್ತಾ ಇರದಂತೆ ಮಾತ್ರ ನೋಡಿಕೊಳ್ಳಿ.

ಸಿಗರೇಟ್ ಲೈಟರ್ ಸಾಕೆಟ್ಟಿಗೆ ಹಾಕುವ ಮೇಂಟೇನರ್‌ಗಳೂ ಇವೆ. ಕೀ ಆಫ್ ಮಾಡಿದಾಗ ಬಹಳ ಕಾರುಗಳಲ್ಲಿ ಆ ಸಾಕೆಟ್ ಸತ್ತುಹೋಗುತ್ತದೆ. ಕೀ ತೆಗೆದ ಮೇಲೂ ಅಲ್ಲಿ 12 ವೋಲ್ಟ್ ಇದೆಯಾ ಅಂತ ಅಳೆದು ನೋಡದೆ ಅದನ್ನು ಕೊಳ್ಳಬೇಡಿ.

ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳಲ್ಲೂ ಸಣ್ಣ 12 ವೋಲ್ಟ್ ಬ್ಯಾಟರಿ ಇರುತ್ತದೆ, ಅದೂ ಇಳಿಯುತ್ತದೆ. ಅವುಗಳಿಗೆ ಕೈ ಹಾಕುವ ಮುಂಚೆ ಕಾರಿನ ಪುಸ್ತಕ ಓದಲೇಬೇಕು. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಅದರ ತಂಟೆಗೆ ಹೋಗಬೇಡಿ. ಅದು ನೂರಾರು ವೋಲ್ಟಿನದು.

ನಿಲ್ಲಿಸುವ ಜಾಗದಲ್ಲಿ ಪ್ಲಗ್ ಪಾಯಿಂಟೇ ಇಲ್ಲದವರು ಬ್ಯಾಟರಿ ತುಂಬಿಸಿ, ಮೈನಸ್ ಕೇಬಲ್ ಕಳಚಿ ಹೋಗಬಹುದು. ಕಾರು ಕುಡಿಯುವುದು ನಿಲ್ಲುತ್ತದೆ, ಬ್ಯಾಟರಿ ತಾನಾಗಿ ಇಳಿಯುವುದು ನಿಲ್ಲುವುದಿಲ್ಲ. ಅಲಾರಂ ಕೂಡ ಇರುವುದಿಲ್ಲ ಅನ್ನುವುದು ನೆನಪಿರಲಿ.

ತೆಗೆಯುವಾಗ

ಹಾಕಿದ್ದಕ್ಕೆ ಪೂರ್ತಿ ಉಲ್ಟಾ. ಮೊದಲು ಸ್ವಿಚ್ ಆರಿಸಿ ಪ್ಲಗ್ ಕೀಳಿ. ಆಮೇಲೆ ಕಪ್ಪು ಕ್ಲಿಪ್, ಕೊನೆಗೆ ಕೆಂಪು. ಕರೆಂಟ್ ಇರುವಾಗಲೇ ಕ್ಲಿಪ್ ಎಳೆಯುವ ಆತುರ ಬೇಡ. ಅಷ್ಟು ದಿನ ಚಾರ್ಜ್ ಆದ ಬ್ಯಾಟರಿಯ ಸುತ್ತ ಗ್ಯಾಸ್ ಇರುವ ಸಾಧ್ಯತೆಯೂ ಆಗಲೇ ಜಾಸ್ತಿ.

ವೈರ್ ಇನ್ನೂ ಸಿಕ್ಕಿಸಿರುವಾಗಲೇ ಕಾರು ಹೊರಡಿಸಿ, ಮೇಂಟೇನರನ್ನು ನೆಲದ ಮೇಲೆ ಎಳೆದುಕೊಂಡು ಹೋದವರಿದ್ದಾರೆ. ಕೆಲವರು ಸ್ಟೀರಿಂಗಿಗೆ ಚೀಟಿ ಅಂಟಿಸುತ್ತಾರೆ. ನಾನು ಗೋಡೆಯ ಆ ಸ್ವಿಚ್ಚಿನ ಪಕ್ಕದಲ್ಲೇ ಒಂದು ಮೊಳೆ ಹೊಡೆದಿದ್ದೇನೆ. ಮೇಂಟೇನರ್ ಹಾಕಿದಾಗ ಕಾರಿನ ಕೀ ಅಲ್ಲಿ ನೇತಾಡುತ್ತದೆ. ಕೀ ನೇತು ಹಾಕಲು ಹೋದಾಗ ಸ್ವಿಚ್ ಬಿದ್ದಿದೆಯಾ ಅಂತ ಕಣ್ಣಿಗೆ ಕಾಣುತ್ತದೆ, ತೆಗೆದುಕೊಳ್ಳಲು ಹೋದಾಗ ಆರಿಸಬೇಕು ಅನ್ನುವುದು ನೆನಪಾಗುತ್ತದೆ. ನಿಮ್ಮದು ಕೀ ಹತ್ತಿರ ಬಂದ ಕೂಡಲೇ ಎಚ್ಚರವಾಗುವ ಕಾರಾದರೆ ಮೊಳೆ ಸ್ವಲ್ಪ ದೂರ ಇರಲಿ. ಕೀ ಪಕ್ಕದಲ್ಲೇ ಇದ್ದರೆ ಅಂಥ ಕಾರು ಸರಿಯಾಗಿ ಮಲಗುವುದಿಲ್ಲ.